ಯೋಗ್ಯತೆ ಎಲ್ಲಿಂದ ಬರುತ್ತದೆ?

ಕದ್ರಾ ಕಡೆಯಿಂದ ಕಾಲೇಜಿಗೆ ಬರುತ್ತಿದ್ದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮೊನ್ನೆ ಕಾರವಾರದ ಬಸ್ ನಿಲ್ದಾಣದಲ್ಲಿ ಸಿಕ್ಕಿದ. ಕಂಪನಿಯೊಂದಕ್ಕೆ ಕೆಲಸ ಕೇಳಲು ಹೋಗಿ, ‘ಯೋಗ್ಯತೆ ಇಲ್ಲ’ ಎನ್ನಿಸಿಕೊಂಡು ಬಂದಿದ್ದ. “ನನಗೇನೂ ಸಿಟ್ಟಿಲ್ಲ ಸರ್. ಅವರು ಕೇಳಿದ ಸರ್ಟಿಫಿಕೇಟು ನನ್ನ ಹತ್ತಿರ ಇಲ್ಲ, ನಿಜ. ಅದನ್ನು ಎಲ್ಲಿ ಕಲಿಸುತ್ತಾರೆ ಎಂದು ಕೇಳಿದೆ. ಅದು ಅವರಿಗೂ ಗೊತ್ತಿರಲಿಲ್ಲ” ಎಂದ. ಅಷ್ಟರಲ್ಲಿ ಬಸ್ಸು ಬಂತು, ಅವನು ಹೋದ.

ಕನ್ನಡ ಪಾಠ ಹೇಳುವವನಿಗೆ ಪದಗಳ ಬೆನ್ನು ಹತ್ತುವ ಚಾಳಿ. ‘ಯೋಗ್ಯ’ ಎಂಬುದರ ಮೂಲದಲ್ಲಿರುವುದು ಕೂಡಿಸು, ಹೂಡು ಎಂಬರ್ಥದ ಸಂಸ್ಕೃತ ಧಾತು. ನಮ್ಮ ‘ನೊಗ’ವೂ ಅದೇ ಮನೆತನದ್ದು. ಯೋಗ್ಯನೆಂದರೆ ಹೂಡಲು ತಕ್ಕವನು. ಮನುಷ್ಯನನ್ನು ಎತ್ತಿಗೆ ಹೋಲಿಸಿದೆನೆಂದು ಯಾರೂ ಮುನಿಯಬಾರದು, ಹೋಲಿಕೆ ಭಾಷೆಯದು. ಆದರೆ ಯಾವ ಕರುವೂ ನೊಗ ಹೊರಲು ಕಲಿತೇ ಹುಟ್ಟುವುದಿಲ್ಲ. ಹಳೆಯ ಎತ್ತಿನ ಜೊತೆ ಕಟ್ಟಿ ರೈತ ಅದನ್ನು ಪಳಗಿಸುತ್ತಾನೆ. ಪಳಗಿಸದೆಯೇ ‘ನನ್ನ ಕೊಟ್ಟಿಗೆಯಲ್ಲಿ ತಕ್ಕ ಎತ್ತೇ ಇಲ್ಲ’ ಎಂದು ಗೊಣಗಿದರೆ ದೋಷ ಕರುವಿನದೇ?

2024ರ ಜುಲೈಯಲ್ಲಿ ರಾಜ್ಯ ಸಚಿವ ಸಂಪುಟವು ಸ್ಥಳೀಯರ ಉದ್ಯೋಗದ ಮಸೂದೆಯೊಂದಕ್ಕೆ ಒಪ್ಪಿಗೆ ಕೊಟ್ಟಿತು. ಆಡಳಿತದ ಹುದ್ದೆಗಳಲ್ಲಿ ಶೇಕಡಾ 50, ಉಳಿದವುಗಳಲ್ಲಿ 70 ಎಂಬ ಅಂಕಿಗಳ ಸುತ್ತ ಗದ್ದಲವೆದ್ದು, ಕೆಲವೇ ದಿನಗಳಲ್ಲಿ ಅದನ್ನು ತಡೆಹಿಡಿಯಲಾಯಿತು. ಆ ಗದ್ದಲದಲ್ಲಿ ಒಂದು ಕಲಮು ಹೆಚ್ಚಿನವರ ಕಣ್ಣಿಗೆ ಬೀಳಲಿಲ್ಲ: ತಕ್ಕ ಸ್ಥಳೀಯರು ಸಿಗದಿದ್ದರೆ, ಸಂಸ್ಥೆಗಳು ಸರಕಾರದೊಡನೆ ಸೇರಿ ಮೂರು ವರ್ಷಗಳೊಳಗೆ ಅವರಿಗೆ ತರಬೇತಿ ಕೊಡಬೇಕು. ಮಸೂದೆಯ ಜೀವ ಇದ್ದದ್ದು ಇಲ್ಲಿ ಎಂದು ನನಗೆ ತೋರುತ್ತದೆ. ಮೀಸಲು ಅಂಕಿಗಳು ನ್ಯಾಯಾಲಯದಲ್ಲಿ ಬಿದ್ದುಹೋಗಬಹುದು. ಹರಿಯಾಣದ ಅಂಥ ಕಾನೂನು 2023ರಲ್ಲಿ ಹೈಕೋರ್ಟಿನಲ್ಲಿ ಬಿದ್ದೇಹೋಯಿತು. ಕಲಿತ ವಿದ್ಯೆಯನ್ನು ಯಾವ ಕೋರ್ಟೂ ರದ್ದು ಮಾಡಲಾರದು.

ನನ್ನ ವಿದ್ಯಾರ್ಥಿಯ ಊರಿನ ಮಗ್ಗುಲಲ್ಲೇ ಕೈಗಾ ಇದೆ. ಅದು ಕೇಂದ್ರದ ಸ್ಥಾವರ. ಆದರೂ ಈ ಪ್ರಶ್ನೆ ಅಲ್ಲಿ ಇನ್ನಷ್ಟು ಮೊನಚಾಗುತ್ತದೆ. ಕಾಳಿಯ ನೀರಿನಿಂದ ತಣಿಯುವ, ತಲಾ 220 ಮೆಗಾವಾಟಿನ ನಾಲ್ಕು ಘಟಕಗಳು ಅಲ್ಲಿವೆ. ಮೊದಲನೆಯ ಘಟಕ 2018ರ ಡಿಸೆಂಬರ್ 31ರವರೆಗೆ 962 ದಿನ ಎಡೆಬಿಡದೆ ನಡೆದು ಆಗಿನ ವಿಶ್ವದಾಖಲೆ ಮಾಡಿತು. ಅಣುಯಂತ್ರವನ್ನು ದಾಕ್ಷಿಣ್ಯಕ್ಕಾಗಿ ಯಾರ ಕೈಗೂ ಕೊಡಲಾಗದೆಂದರೆ ನಾನೂ ಒಪ್ಪುತ್ತೇನೆ. ಆದರೆ ಅದನ್ನು ನಡೆಸಿದವರಾದರೂ ಆ ವಿದ್ಯೆಯನ್ನು ಹುಟ್ಟುವಾಗಲೇ ಹೊತ್ತು ತಂದರೇ? ಕಲಿಸಿ, ಪರೀಕ್ಷಿಸಿ ಅವರನ್ನು ಯಂತ್ರದ ಮುಂದೆ ಕೂರಿಸಿದ್ದು. ನೆಲವನ್ನೂ ನದಿಯನ್ನೂ ಬಿಟ್ಟುಕೊಟ್ಟ ಊರುಗಳಿಗೆ ಪರಿಹಾರದ ಹಣ ಕೊಟ್ಟಮೇಲೂ ಆ ಕಲಿಕೆಯ ಬಾಗಿಲನ್ನು ತೋರಿಸುವ ಋಣ ಉಳಿದೇ ಇರುತ್ತದೆ. ಪಟ್ಟಣದಲ್ಲಿ ದೀಪ ಹಚ್ಚುವ ನಾವೆಲ್ಲ ಆ ಋಣದ ಪಾಲುದಾರರು.

ಇನ್ನೊಂದು ಎಚ್ಚರವೂ ಬೇಕು. ಕಲಿಸಹೊರಟವರು ಎದುರಿಗಿರುವವರನ್ನು ಏನೂ ಅರಿಯದವರೆಂದು ಬಗೆಯಬಾರದು. ಅಂಕೋಲೆಯ ಹೊನ್ನಳ್ಳಿಯ ತುಳಸಿ ಗೌಡರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಅರಣ್ಯ ಇಲಾಖೆಯ ನರ್ಸರಿಯಲ್ಲಿ ದಶಕಗಳ ಕಾಲ ದಿನಗೂಲಿ ಮಾಡಿದರು. ಯಾವ ತಾಯಿಮರದ ಬೀಜವನ್ನು ಯಾವಾಗ ಆರಿಸಬೇಕೆಂಬುದನ್ನು ಅವರು ಬಲ್ಲರು. 2021ರಲ್ಲಿ ಬರಿಗಾಲಲ್ಲೇ ನಡೆದುಹೋಗಿ ಪದ್ಮಶ್ರೀ ಸ್ವೀಕರಿಸಿದರು. 2024ರ ಡಿಸೆಂಬರಿನಲ್ಲಿ ತೀರಿಕೊಂಡರು. ಅವರ ಯೋಗ್ಯತೆ ಪದಕದ ದಿನ ಹುಟ್ಟಿದ್ದೇ? ಅದು ಮೊದಲಿನಿಂದಲೂ ಇತ್ತು. ಕೂಲಿಯ ಹಾಜರಿಪುಸ್ತಕದಲ್ಲಿ ಅದನ್ನು ಬರೆಯಲು ಜಾಗವಿರಲಿಲ್ಲ, ಅಷ್ಟೆ.

ಮಸೂದೆ ಮತ್ತೆ ಬರಬಹುದು, ಬಾರದಿರಬಹುದು. ‘ಯೋಗ್ಯತೆ ಇಲ್ಲ’ ಎನ್ನುವವನಿಗೆ ‘ಇಂಥಲ್ಲಿ ಕಲಿ’ ಎಂದು ಹೇಳುವ ಹೊಣೆಯೂ ಇದೆ. ಆ ಹುಡುಗ ಕಡೆಗೆ ಕೇಳಿದ್ದು ಒಂದು ವಿಳಾಸವನ್ನು. ಮೂರು ವರ್ಷ ಅವನಿಗೆ ಪಾಠ ಹೇಳಿದ ನನ್ನ ಬಳಿಯೂ ಅದು ಇರಲಿಲ್ಲ.