ಬಿಡಾರವೂ ನಿಷ್ಠೆಯೂ

ಪರಸ್ಥಳಕ್ಕೆ ಹೋದವನು ರಾತ್ರಿ ಎಲ್ಲಿ ತಂಗಬೇಕೆಂಬ ಪ್ರಶ್ನೆಯು ಮೇಲುನೋಟಕ್ಕೆ ಧರ್ಮವಿಚಾರಕ್ಕೆ ವಿಷಯವಾಗತಕ್ಕದ್ದೆಂದು ತೋರುವದಿಲ್ಲ. ಕೈಯಲ್ಲಿರುವ ಹಣವನ್ನೂ ಕೆಲಸದ ಸ್ಥಳದ ದೂರವನ್ನೂ ನೋಡಿ ಒಂದು ಬಿಡಾರವನ್ನು ಗೊತ್ತುಮಾಡಿಕೊಂಡರೆ ಮಾತು ಅಲ್ಲಿಗೆ ಮುಗಿಯುವದು. ಆದರೆ ಕಳೆದ ನಾಲ್ಕು ದಶಕಗಳಿಂದ ದೊಡ್ಡ ಪಟ್ಟಣಗಳ ಹೋಟೆಲು ಕಂಪನಿಗಳು ಈ ಚಿಕ್ಕ ನಿರ್ಣಯದೊಳಗೆ ಒಂದು ದೊಡ್ಡ ಶಬ್ದವನ್ನು ತಂದು ಸೇರಿಸಿವೆ. ಆ ಶಬ್ದವು ‘ನಿಷ್ಠೆ’ ಎಂಬುದು. ತಮ್ಮಲ್ಲಿಯೇ ಮೇಲಿಂದ ಮೇಲೆ ತಂಗುವ ಗಿರಾಕಿಗೆ ಅವರು ನಿಷ್ಠಾವಂತನೆಂಬ ಹೆಸರನ್ನೂ ಅದಕ್ಕೆ ತಕ್ಕ ಫಲವನ್ನೂ ಕೊಡುವರು. ಹಾಗಾದರೆ ಈ ನಿಷ್ಠೆಯು ಗುಣವೋ ವ್ಯಾಪಾರವೋ? ಅದನ್ನು ಸ್ವೀಕರಿಸಿದವನ ವಿವೇಕವು ಸ್ವತಂತ್ರವಾಗಿ ಉಳಿಯುವದೋ ಇಲ್ಲವೋ? ಇದನ್ನು ಸ್ವಲ್ಪ ವಿಚಾರಿಸೋಣ.

ಈ ವಿಚಾರವು ನಮಗೆ ದೂರದ್ದೆಂದು ವಾಚಕರು ತಿಳಿಯಬಾರದು. ಯಾದಗಿರಿ, ಶಹಾಪುರ, ಸುರಪುರಗಳ ಎಷ್ಟೋ ಮನೆಗಳ ಮಕ್ಕಳು ಈಗ ಕಂಪನಿಗಳಲ್ಲಿಯೂ ಸರಕಾರದ ಖಾತೆಗಳಲ್ಲಿಯೂ ಇದ್ದು, ಬೆಂಗಳೂರು, ಹೈದರಾಬಾದ, ಮುಂಬಯಿಗಳಲ್ಲಿ ಕೆಲಸದ ಸಲುವಾಗಿ ಮೇಲಿಂದ ಮೇಲೆ ಬಿಡಾರ ಮಾಡುವರು. ನಮ್ಮ ಕಡೆಯಲ್ಲಿ ಹೋಟೆಲೆಂದರೆ ಚಹಾ ಫಳಾರದ ಸ್ಥಳವೆಂದೇ ರೂಢಿ. ತಂಗುವ ಸ್ಥಳವನ್ನು ಲಾಡ್ಜು ಎನ್ನುವರು. ಈ ಲೇಖನದಲ್ಲಿ ಮಾತ್ರ ಹೋಟೆಲೆಂಬ ಶಬ್ದವನ್ನು ತಂಗುವ ಸ್ಥಳವೆಂಬ ಅರ್ಥದಲ್ಲಿಯೇ ಗ್ರಹಿಸತಕ್ಕದ್ದು.

ಮೊದಲು ಈ ಪದ್ಧತಿಯ ಸ್ವರೂಪವನ್ನು ತಿಳಿಯಬೇಕು. ೧೯೮೧ರಲ್ಲಿ ಅಮೇರಿಕನ್ ಏರ್‌ಲೈನ್ಸ್ ಎಂಬ ವಿಮಾನ ಕಂಪನಿಯು, ತನ್ನಲ್ಲಿ ಪ್ರಯಾಣಮಾಡಿದವರಿಗೆ ಮೈಲಿಗಳ ಲೆಕ್ಕವಿಟ್ಟು ಮುಂದೆ ಉಚಿತ ಪ್ರಯಾಣವನ್ನು ಕೊಡುವ ಕ್ರಮವನ್ನು ಆರಂಭಿಸಿತು. ೧೯೮೩ರಲ್ಲಿ ಹಾಲಿಡೇ ಇನ್ ಮತ್ತು ಮ್ಯಾರಿಯಟ್ ಎಂಬ ಹೋಟೆಲು ಕಂಪನಿಗಳು ಇದೇ ಮಾರ್ಗವನ್ನು ಹಿಡಿದವು. ತಂಗಿದವನ ಖಾತೆಗೆ ಅವನು ಕೊಟ್ಟ ಹಣಕ್ಕೆ ತಕ್ಕಂತೆ ಪಾಯಿಂಟುಗಳು ಜಮೆಯಾಗುವವು. ಸಾಕಷ್ಟು ಕೂಡಿದ ಮೇಲೆ ಅವುಗಳನ್ನು ಕೊಟ್ಟು ಒಂದು ರಾತ್ರಿ ಉಚಿತವಾಗಿ ತಂಗಬಹುದು. ಇದರ ಮೇಲೆ ಪದವಿಗಳೂ ಉಂಟು. ಮ್ಯಾರಿಯಟ್ ಕಂಪನಿಯು ಬಾನ್‌ವಾಯ್ ಎಂಬ ಹೆಸರಿನಿಂದ ೨೦೧೯ರಿಂದ ನಡೆಸುತ್ತಿರುವ ಪದ್ಧತಿಯಲ್ಲಿ ವರ್ಷಕ್ಕೆ ೨೫ ರಾತ್ರಿ ತಂಗಿದವನು ಗೋಲ್ಡ್, ೫೦ ರಾತ್ರಿ ತಂಗಿದವನು ಪ್ಲಾಟಿನಂ, ೭೫ ರಾತ್ರಿ ತಂಗಿದವನು ಟೈಟಾನಿಯಂ ಎಂದು ಎನಿಸಿಕೊಳ್ಳುವನು. ಪದವಿ ಏರಿದಂತೆ ಒಳ್ಳೆಯ ಕೋಣೆ, ತಡವಾಗಿ ಹೊರಡುವ ಅನುಕೂಲತೆ ಮೊದಲಾದ ಮರ್ಯಾದೆಗಳು ದೊರೆಯುವವು. ವರ್ಷದ ಕೊನೆಗೆ ಒಂದೆರಡು ರಾತ್ರಿಗಳು ಕಡಿಮೆಬಿದ್ದರೆ, ತಮ್ಮ ಊರಿನಲ್ಲಿಯೇ ಒಂದು ಕೋಣೆಯನ್ನು ಹಿಡಿದು, ಹಾಸಿಗೆಯನ್ನು ಮುಟ್ಟದೆ ಮನೆಗೆ ಹೋಗಿ ಮಲಗುವವರೂ ಜಗತ್ತಿನಲ್ಲಿದ್ದಾರೆ. ತಂಗುವ ಅವಶ್ಯಕತೆಯಿಂದ ಹುಟ್ಟಿದ ಪದವಿಯು ಅವಶ್ಯಕತೆಯಿಲ್ಲದ ತಂಗುವಿಕೆಯನ್ನು ಹುಟ್ಟಿಸಿತೆಂದರೆ ಸಾಧನವೇ ಸಾಧ್ಯವಾಗಿ ಕುಳಿತಂತಾಯಿತು.

ಇಲ್ಲಿ ಪೂರ್ವಪಕ್ಷದವರು ಹೇಳುವದೇನೆಂದರೆ: “ಇದರಲ್ಲಿ ದೋಷವೇನಿದೆ? ಸಂತೆಯಲ್ಲಿ ಕಾಯಿಪಲ್ಲೆ ಮಾರುವವಳು ತೂಕವಾದ ಮೇಲೆ ಒಂದು ಹಿಡಿ ಮೆಣಸಿನಕಾಯಿಯನ್ನೋ ಕೊತ್ತಂಬರಿಯನ್ನೋ ಕೊಸರೆಂದು ಹಾಕುವಳು. ಪಾಯಿಂಟುಗಳೂ ಕೊಸರೇ. ವ್ಯಾಪಾರಿಯು ಸಂತೋಷದಿಂದ ಕೊಟ್ಟದ್ದನ್ನು ಗಿರಾಕಿಯು ಸಂತೋಷದಿಂದ ಒಯ್ದರೆ ಧರ್ಮಶಾಸ್ತ್ರವು ನಡುವೆ ಬರುವದೇಕೆ?”

ಈ ಮಾತಿನಲ್ಲಿ ಸತ್ಯಾಂಶವಿಲ್ಲದಿಲ್ಲ. ಆದರೆ ಕೊಸರು ಇಂದೇ ಕೈಗೆ ಬೀಳುವದು. ಅದನ್ನು ಪಡೆದವಳು ಮುಂದಿನ ಸಂತೆಯಲ್ಲಿ ಬೇರೊಬ್ಬಳ ಕಡೆಗೆ ಹೋದರೆ ಮೆಣಸಿನಕಾಯಿಯೇನೂ ಮಾಯವಾಗದು. ಪಾಯಿಂಟು ಹಾಗಲ್ಲ. ಅದು ಮುಂದೆಂದೋ ಫಲಿಸತಕ್ಕದ್ದು. ಮೀಮಾಂಸಕರು ಯಾಗವು ಇಂದು ಮುಗಿದರೂ ಸ್ವರ್ಗವು ಕಾಲಾಂತರದಲ್ಲಿ ದೊರೆಯುವದೆಂಬುದನ್ನು ಸಾಧಿಸುವದಕ್ಕಾಗಿ ನಡುವೆ ‘ಅಪೂರ್ವ’ವೆಂಬ ಒಂದು ಅದೃಶ್ಯ ಶಕ್ತಿಯನ್ನು ಒಪ್ಪಿದರು. ಪಾಯಿಂಟನ್ನು ಈ ಕಾಲದ ಅಪೂರ್ವವೆನ್ನಬಹುದು. ಭೇದವೆಲ್ಲಿಯೆಂದರೆ, ಮೀಮಾಂಸಕರ ಅಪೂರ್ವವು ಯಾವ ಒಡೆಯನ ಇಚ್ಛೆಗೂ ಅಧೀನವಾದುದಲ್ಲ. ಇದಾದರೋ ಕಂಪನಿಯ ಇಚ್ಛೆಗೆ ಪೂರ್ಣವಾಗಿ ಅಧೀನವಾದುದು. ಇಷ್ಟು ಪಾಯಿಂಟುಗಳಿಗೆ ಇಂತಹ ವರ್ಗದ ಕೋಣೆಯೆಂದು ಮೊದಲಿದ್ದ ನಿಶ್ಚಿತ ಪಟ್ಟಿಯನ್ನು ಮ್ಯಾರಿಯಟ್ ಕಂಪನಿಯು ೨೦೨೨ರ ಮಾರ್ಚಿನಲ್ಲಿ ತೆಗೆದುಹಾಕಿ, ಬೇಡಿಕೆಯಂತೆ ಏರಿಳಿಯುವ ಕ್ರಮವನ್ನು ತಂದಿತು. ೨೪ ತಿಂಗಳು ಖಾತೆಯಲ್ಲಿ ಯಾವ ವ್ಯವಹಾರವೂ ನಡೆಯದಿದ್ದರೆ ಕೂಡಿಟ್ಟ ಪಾಯಿಂಟುಗಳು ನಷ್ಟವಾಗುವವೆಂಬ ನಿಯಮವೂ ಅಲ್ಲಿದೆ. ಇದನ್ನು ಕಂಪನಿಯು ಗುಟ್ಟಾಗಿಟ್ಟಿಲ್ಲ, ಆದುದರಿಂದ ವಂಚನೆಯೆನ್ನಲಾಗದು. ಆದರೆ ಇಂತಹ ಫಲದ ಆಶೆಯು ಗಿರಾಕಿಯ ಮುಂದಿನ ನಿರ್ಣಯಗಳನ್ನು ಇಂದೇ ಕಟ್ಟಿಡುವದೆಂಬುದನ್ನು ಮರೆಯಲಾಗದು.

ರಾತ್ರಿಗಳನ್ನು ಎಣಿಸಿ ಫಲ ಕೊಟ್ಟ ಕಥೆಯೊಂದು ನಮ್ಮಲ್ಲಿಯೂ ಉಂಟು. ಕಠೋಪನಿಷತ್ತಿನ ನಚಿಕೇತನು ಯಮನ ಮನೆಯಲ್ಲಿ ಮೂರು ರಾತ್ರಿ ಉಪವಾಸವಿದ್ದನು. ಹೊರಗಿನಿಂದ ಬಂದ ಯಮನು ರಾತ್ರಿಗೊಂದರಂತೆ ಮೂರು ವರಗಳನ್ನು ಕೊಟ್ಟನು. ಆದರೆ ಯಮನು ಅವುಗಳನ್ನು ಕೊಟ್ಟದ್ದು ಅತಿಥಿಯನ್ನು ಹಸಿದಿರಿಸಿದ ತನ್ನ ಲೋಪದ ಪರಿಹಾರಕ್ಕಾಗಿ. ಅವನು ಮತ್ತೆ ಬರಲೆಂಬ ಆಶೆಯಿಂದಲ್ಲ. ಆ ಮನೆಗೆ ಬೇಗ ಮತ್ತೊಮ್ಮೆ ಹೋಗಲು ಯಾವ ಅತಿಥಿಯಾದರೂ ಒಪ್ಪುವನೇ? ಮೇಲಾಗಿ ನಚಿಕೇತನು ಮೊದಲನೆಯ ವರವನ್ನು ತನ್ನ ತಂದೆಯ ಮನಃಶಾಂತಿಗಾಗಿ ಬೇಡಿದನು. ಕೊನೆಯಲ್ಲಿ ಆನೆ, ಕುದುರೆ, ಬಂಗಾರಗಳನ್ನು ಮುಂದೊಡ್ಡಿದಾಗ್ಗೂ ತಾನು ಕೇಳಬಂದ ಪ್ರಶ್ನೆಯನ್ನು ಬಿಡಲಿಲ್ಲ. ಶ್ರೇಯಸ್ಸು ಬೇರೆ, ಪ್ರೇಯಸ್ಸು ಬೇರೆ ಎಂಬ ವಿವೇಕವು ಆ ಉಪನಿಷತ್ತಿನಲ್ಲಿ ಬಂದದ್ದು ಒಬ್ಬ ಅತಿಥಿಯ ಪ್ರಸಂಗದಲ್ಲಿಯೇ ಎಂಬುದು ಮನನಕ್ಕೆ ಯೋಗ್ಯವಾಗಿದೆ.

ಹಾಗಾದರೆ ಒಂದೇ ಕಡೆಗೆ ಮತ್ತೆ ಮತ್ತೆ ಹೋಗುವದೆಲ್ಲ ಅವಿವೇಕವೋ? ಅಲ್ಲ. ನಮ್ಮ ಪೇಟೆಗಳನ್ನೇ ನೋಡಿರಿ. ತೊಗರಿ, ಹತ್ತಿ, ಶೇಂಗಾಗಳನ್ನು ತಂದ ರೈತನು ವರ್ಷ ವರ್ಷವೂ ಅದೇ ಅಡತಿ ಅಂಗಡಿಯಲ್ಲಿ ಇಳಿಯುವದು ರೂಢಿ. ಮಾಲು ಮಾರುವತನಕ ಅವನು ಮಲಗುವದು ಆ ಅಂಗಡಿಯ ಕಟ್ಟೆಯ ಮೇಲೆಯೇ. ಮಳೆ ಹೋದ ವರ್ಷ ಸಾವಕಾರನು ಬೀಜಕ್ಕೆ ಉದ್ರಿ ಕೊಟ್ಟಿರುವನು, ಮನೆಯ ಮದುವೆಗೆ ಬಂದಿರುವನು. ಇಂತಹ ಸಂಬಂಧದಲ್ಲಿ ನಿಷ್ಠೆಯೆಂಬ ಶಬ್ದಕ್ಕೆ ನೆಲೆಯುಂಟು. ಏಕೆಂದರೆ ಅಲ್ಲಿ ಒಬ್ಬನ ಕಷ್ಟವನ್ನು ಇನ್ನೊಬ್ಬನು ನೋಡಿದ್ದಾನೆ. ಆದರೆ ಇದೇ ಸಂಬಂಧವು ಕೆಡುವದೂ ಉಂಟು. ಉದ್ರಿಯ ಭಾರದಿಂದ ರೈತನು ಪಕ್ಕದ ಅಂಗಡಿಯಲ್ಲಿ ಧಾರಣೆ ಏನಿದೆಯೆಂದು ಕೇಳಲು ಕೂಡ ಅಂಜುವಂತಾದರೆ ಅದು ಬಂಧನವೇ ಸರಿ. ಆದುದರಿಂದ ನಿಷ್ಠೆಯನ್ನು ಪರೀಕ್ಷಿಸುವ ಒರೆಗಲ್ಲು ಇದು: ಪಕ್ಕದ ಅಂಗಡಿಯ ಧಾರಣೆಯನ್ನು ನಿರ್ಭಯವಾಗಿ ಕೇಳಿ, ತಿಳಿದು, ಆಮೇಲೆಯೂ ಇಲ್ಲಿಯೇ ನಿಲ್ಲಬಲ್ಲೆನೇ? ನಿಲ್ಲಬಲ್ಲೆನಾದರೆ ನಿಷ್ಠೆ, ಕೇಳುವದಕ್ಕೇ ಮನಸ್ಸು ಬಾರದಿದ್ದರೆ ಬಂಧನ.

ಕಾರ್ಡು ಹಿಡಿದ ಪ್ರವಾಸಿಯೂ ಇದೇ ಪರೀಕ್ಷೆಗೆ ನಿಲ್ಲಬೇಕು. ಒಬ್ಬ ತರುಣಿಯು ಒಂಟಿಯಾಗಿ ಪ್ರವಾಸಮಾಡುವಳು. ಇಂತಹ ಹೋಟೆಲಿನಲ್ಲಿ ರಾತ್ರಿ ಕಾವಲಿದೆ, ಬಾಗಿಲು ಭದ್ರವಿದೆ ಎಂಬ ಅನುಭವದಿಂದ ಅಲ್ಲಿಗೇ ಹೋಗುವಳು. ಇದು ವಿಶ್ವಾಸ, ಪಾಯಿಂಟುಗಳಿಲ್ಲದಿದ್ದರೂ ಅವಳು ಅಲ್ಲಿಗೇ ಹೋಗುತ್ತಿದ್ದಳು. ಇನ್ನೊಬ್ಬನು ಸ್ವಂತ ಹಣದಿಂದ, ಲೆಕ್ಕ ತಿಳಿದು, ಪಾಯಿಂಟುಗಳಿಗಾಗಿಯೇ ಸ್ವಲ್ಪ ಹೆಚ್ಚು ದರವನ್ನು ಕೊಡುವನು. ಹಣವು ಅವನದು, ಹಾನಿಯೂ ಅವನದು. ಇದನ್ನು ಅಭಿರುಚಿಯೆನ್ನಬೇಕೇ ಹೊರತು ಅಧರ್ಮವೆನ್ನಲಾಗದು. ಪ್ರಶ್ನೆಯು ಕಠಿಣವಾಗುವದು ಹಣವು ಪರರದಾದಾಗ.

ಒಂದು ದೃಷ್ಟಾಂತವನ್ನು ಕಲ್ಪಿಸೋಣ. ಸುರಪುರದ ಒಬ್ಬ ತರುಣನಿಗೆ ಬೆಂಗಳೂರಿನ ವಿಧಾನಸೌಧದ ಬಳಿಯಲ್ಲಿ ಮೂರು ದಿನದ ಕೆಲಸವಿದೆಯೆನ್ನಿರಿ. ನಡೆದುಹೋಗುವಷ್ಟು ದೂರದಲ್ಲಿ ರಾತ್ರಿಗೆ ೫,೫೦೦ ರೂಪಾಯಿಗಳ ಸ್ವಚ್ಛವಾದ ಹೋಟೆಲೊಂದಿದೆ. ಅದಕ್ಕಿಂತ ದೂರದಲ್ಲಿ, ಅವನ ಕಾರ್ಡು ನಡೆಯುವ ಕಂಪನಿಯ ಹೋಟೆಲಿನಲ್ಲಿ ದರವು ೮,೦೦೦ ರೂಪಾಯಿ. ಎರಡೂ ಕಚೇರಿಯ ಮಿತಿಯೊಳಗೇ ಇವೆ. ಬಿಲ್ಲನ್ನು ಕಚೇರಿಯೇ ತುಂಬುವದು. ಅವನು ಎರಡನೆಯದನ್ನು ಹಿಡಿಯುವನು. ಮೂರು ರಾತ್ರಿಗಳಿಗೆ ಕಚೇರಿಗಾದ ಹೆಚ್ಚಿನ ಖರ್ಚು ೭,೫೦೦ ರೂಪಾಯಿ. ಅವನ ಖಾತೆಗೆ ಬಿದ್ದ ಪಾಯಿಂಟುಗಳ ಬೆಲೆಯು ಒಂದು ಸಾವಿರ ರೂಪಾಯಿಗಳೆಂದಿಟ್ಟುಕೊಳ್ಳೋಣ. ತನಗೊಂದು ಸಾವಿರ ಬರಲೆಂದು ಒಡೆಯನ ಏಳೂವರೆ ಸಾವಿರವನ್ನು ಅವನು ವೆಚ್ಚಮಾಡಿದನು. ಯಾವ ನಿಯಮವೂ ಮುರಿಯಲಿಲ್ಲ, ಯಾವ ಬಿಲ್ಲೂ ಸುಳ್ಳಲ್ಲ. ಆದರೂ ಇದನ್ನು ಶುದ್ಧವಾದ ವ್ಯವಹಾರವೆನ್ನಲು ಮನಸ್ಸು ಹಿಂಜರಿಯುವದು.

ರಾಜ್ಯಗಳು ಈ ಪ್ರಶ್ನೆಗೆ ಒಂದೇ ಉತ್ತರವನ್ನು ಕೊಟ್ಟಿಲ್ಲ. ಏಳನೆಯ ವೇತನ ಆಯೋಗದ ತರುವಾಯ ೨೦೧೭ರಲ್ಲಿ ಭಾರತ ಸರಕಾರವು ಹೊರಡಿಸಿದ ಪ್ರಯಾಣಭತ್ಯದ ನಿಯಮಗಳಂತೆ, ಸರಕಾರಿ ಕೆಲಸದ ವಿಮಾನ ಟಿಕೇಟುಗಳಿಂದ ಬಂದ ಮೈಲಿಗಳನ್ನು ಆ ಖಾತೆಯ ಸರಕಾರಿ ಪ್ರಯಾಣಕ್ಕೇ ಬಳಸತಕ್ಕದ್ದು. ಸ್ವಂತಕ್ಕೆ ಬಳಸಿದವನು ಇಲಾಖೆಯ ಕ್ರಮಕ್ಕೆ ಗುರಿಯಾಗುವನು. ಅಮೇರಿಕ ದೇಶವಾದರೋ ೨೦೦೧ರ ಡಿಸೆಂಬರದಲ್ಲಿ ಕಾನೂನು ಮಾಡಿ, ಅಂತಹ ಮೈಲಿಗಳನ್ನು ನೌಕರನೇ ಇಟ್ಟುಕೊಳ್ಳಬಹುದೆಂದಿತು. ಜರ್ಮನಿಯಲ್ಲಿ ಬರ್ಲಿನ್ ರಾಜ್ಯದ ಮಂತ್ರಿಗಳಾಗಿದ್ದ ಗ್ರೆಗೋರ್ ಗೀಸಿ ಎಂಬವರು, ತಾವು ಪಾರ್ಲಿಮೆಂಟಿನ ಸದಸ್ಯರಾಗಿದ್ದಾಗ ಸಂಪಾದಿಸಿದ ಮೈಲಿಗಳನ್ನು ಸ್ವಂತ ಪ್ರಯಾಣಕ್ಕೆ ಬಳಸಿದ್ದು ಹೊರಬೀಳಲು, ೨೦೦೨ರಲ್ಲಿ ಅಧಿಕಾರವನ್ನು ತ್ಯಜಿಸಿದರು.

ಈ ಭೇದದಿಂದ ಧರ್ಮಕ್ಕೆ ನೆಲೆಯಿಲ್ಲವೆಂದು ತೀರ್ಮಾನಿಸಬಾರದು. ಇಲ್ಲಿ ಎರಡು ಪ್ರಶ್ನೆಗಳು ಬೆರೆತಿವೆ, ಅವುಗಳನ್ನು ಬೇರ್ಪಡಿಸಬೇಕು. ಬಂದ ಫಲವನ್ನು ಯಾರು ಇಟ್ಟುಕೊಳ್ಳಬೇಕೆಂಬುದು ಒಂದು. ಇದನ್ನು ಒಡೆಯನು ನಿರ್ಣಯಿಸಬಹುದು. ಅವನು ತಿಳಿದು ಒಪ್ಪಿದರೆ ನೌಕರನು ಇಟ್ಟುಕೊಳ್ಳುವದರಲ್ಲಿ ಕಳವಿನ ದೋಷವಿಲ್ಲ. ಆ ಫಲದ ಆಶೆಯಿಂದ ಆಯ್ಕೆಯನ್ನು ಬದಲಿಸಬಹುದೇ ಎಂಬುದು ಇನ್ನೊಂದು. ಇದಕ್ಕೆ ಯಾವ ಒಡೆಯನ ಅನುಮತಿಯೂ ಉತ್ತರವಾಗಲಾರದು. ಏಕೆಂದರೆ ಕಚೇರಿಯು ಅವನನ್ನು ಕಳುಹಿಸುವಾಗ ಹಣದ ಜೊತೆಗೆ ತನ್ನ ಪರವಾಗಿ ವಿವೇಚಿಸುವ ಅಧಿಕಾರವನ್ನೂ ಒಪ್ಪಿಸಿದೆ. ಪಾಯಿಂಟುಗಳನ್ನು ಇಟ್ಟುಕೋ ಎಂದವನು ವಿವೇಚನೆಯನ್ನು ಮಾರಿಕೋ ಎಂದು ಹೇಳಿದಂತಾಗಲಿಲ್ಲ. ಹೋಟೆಲು ಕಂಪನಿಯ ಕೌಶಲ್ಯವಿರುವದೂ ಇಲ್ಲಿಯೇ: ಬಿಲ್ಲು ಕೊಡುವವನನ್ನು ಬಿಟ್ಟು, ಆಯ್ಕೆಮಾಡುವವನಿಗೆ ಅದು ಫಲವನ್ನು ಕೊಡುವದು. ಇದೇ ಕ್ರಮವನ್ನು ಒಬ್ಬ ಗುತ್ತಿಗೆದಾರನು ಗುಟ್ಟಾಗಿ ನಡೆಸಿದರೆ ಅದಕ್ಕೆ ನಾವು ಇಡುವ ಹೆಸರು ವಾಚಕರಿಗೆ ಗೊತ್ತಿದೆ. ಬಹಿರಂಗವಾದುದರಿಂದ ಇದು ಲಂಚವಲ್ಲ, ನಿಜ. ಆದರೆ ಮನಸ್ಸಿನ ಮೇಲೆ ಇದು ಮಾಡುವ ಕೆಲಸವು ಅದಕ್ಕೆ ತೀರ ಹತ್ತಿರವಾದುದು.

ಬೆಂಗಳೂರಿನ ರೈಲು ನಿಲ್ದಾಣದಲ್ಲಿ ಇಳಿದವರಿಗೆ ಹತ್ತಿರದಲ್ಲಿಯೇ ಗುಬ್ಬಿ ತೋಟದಪ್ಪನವರ ಛತ್ರವಿದೆ. ಆ ವರ್ತಕರು ತಮ್ಮ ಸಂಪಾದನೆಯಿಂದ ಪ್ರವಾಸಿಗಳ ಸಲುವಾಗಿ ೧೯೦೩ರಲ್ಲಿ ಅದನ್ನು ನೆಲೆಗೊಳಿಸಿದರು. ಕಲಬುರಗಿಯ ಶರಣಬಸವೇಶ್ವರರ ದಾಸೋಹದ ಕೀರ್ತಿಯು ನಮ್ಮ ಸೀಮೆಯ ಮನೆಮನೆಗೂ ತಿಳಿದದ್ದೇ. ಇಂತಹ ಸ್ಥಳಗಳಲ್ಲಿ ಉಂಡವನ, ತಂಗಿದವನ ರಾತ್ರಿಗಳನ್ನು ಪದವಿಗಾಗಿ ಯಾರೂ ಎಣಿಸಲಿಲ್ಲ. ಒಂದು ರಾತ್ರಿ ಮಾತ್ರ ತಂಗುವವನೇ ಅತಿಥಿಯೆಂದು ಮನುಸ್ಮೃತಿಯು ಹೇಳುವದರ ತಾತ್ಪರ್ಯವೂ ಇದೇ ಇರಬೇಕು: ಮತ್ತೆ ಬರುವನೆಂಬ ಭರವಸೆಯಿಲ್ಲದವನಿಗೆ ಮಾಡಿದ ಸತ್ಕಾರವೇ ಸತ್ಕಾರ. ಹಾಗೆಂದು ಎಲ್ಲರೂ ಛತ್ರದಲ್ಲಿಯೇ ಇಳಿಯಬೇಕೆಂದು ಹೇಳುವದು ನಮ್ಮ ಉದ್ದೇಶವಲ್ಲ. ಹೋಟೆಲು ನಡೆಸುವದು ನ್ಯಾಯವಾದ ವೃತ್ತಿ; ಅದರಿಂದ ಸಾವಿರಾರು ಸಂಸಾರಗಳು ಬದುಕುತ್ತಿವೆ. ನಿಷ್ಠೆಯೆಂಬ ಶಬ್ದವು ಎಲ್ಲಿಗೆ ಸಲ್ಲಬೇಕೋ ಅಲ್ಲಿಗೆ ಸಲ್ಲಲಿ ಎಂಬುದಿಷ್ಟೇ ನಮ್ಮ ಬಿನ್ನಹ. ಮಕ್ಕಳು ಆ ಶಬ್ದವನ್ನು ಮೊದಲು ಕಾರ್ಡಿನಿಂದ ಕಲಿತರೆ, ಮುಂದೆ ಸ್ನೇಹಿತನಿಗೂ ಗುರುವಿಗೂ ಊರಿಗೂ ನಿಷ್ಠೆ ತೋರಬೇಕಾದಾಗ ಎಷ್ಟು ಪಾಯಿಂಟುಗಳೆಂದು ಕೇಳುವ ಅಭ್ಯಾಸವು ಬಂದೀತು.

ವ್ಯವಹಾರದಲ್ಲಿರುವವರಿಗೆ ಅನುಷ್ಠಾನಕ್ಕೆ ಬರುವಂತಹ ಒಂದು ನಿಯಮವನ್ನು ಸೂಚಿಸಬಹುದು. ಬಿಡಾರವನ್ನು ಆಯ್ಕೆಮಾಡುವಾಗ ಕಾರ್ಡು ಇಲ್ಲವೆಂದೇ ಭಾವಿಸತಕ್ಕದ್ದು. ದರ, ದೂರ, ಸ್ವಚ್ಛತೆ, ಭದ್ರತೆ, ಮಾಡಬೇಕಾದ ಕೆಲಸ ಇವುಗಳನ್ನೇ ತೂಗಿ, ಹಣವು ಪರರದಾಗಿದ್ದರೆ ತನ್ನದೆಂಬಂತೆ ತೂಗಿ, ನಿರ್ಣಯಿಸತಕ್ಕದ್ದು. ನಿರ್ಣಯವಾದ ಮೇಲೆ, ಆ ಹೋಟೆಲಿನಲ್ಲಿ ಕಾರ್ಡು ನಡೆಯುವಂತಿದ್ದು ಒಡೆಯನ ನಿಯಮವು ಅಡ್ಡಬಾರದಿದ್ದರೆ, ಅದನ್ನು ತೋರಿಸಿ ಬಂದ ಕೊಸರನ್ನು ತೆಗೆದುಕೊಳ್ಳಲಿ. ಕಾರ್ಡು ನಡೆಯದ ಸ್ಥಳವೇ ಯೋಗ್ಯವೆಂದು ಕಂಡರೆ ಪಾಯಿಂಟುಗಳನ್ನು ಬಿಟ್ಟು ಅಲ್ಲಿಯೇ ಇಳಿಯಲಿ. ಹೀಗೆ ನಡೆದವನಿಗೆ ವರ್ಷದ ಕೊನೆಗೆ ಒಂದು ಪದವಿ ಕಡಿಮೆಯಾಗಬಹುದು. ಊರಿಗೆ ಬಂದು ತಾಯಿತಂದೆಗಳ ಮುಂದೆ ಪ್ರವಾಸದ ಲೆಕ್ಕವನ್ನು ಹೇಳುವಾಗ ಮಾತ್ರ ಅವನು ಯಾವ ಅಂಕಿಯನ್ನೂ ಬಿಟ್ಟು ಓದಬೇಕಾಗಲಾರದು.