ತೀರ್ಪಿಗೆ ಮೊದಲೇ ಶಿಕ್ಷೆ

ಒಬ್ಬ ಮನುಷ್ಯನನ್ನು ಕೂಡಿಹಾಕುವ ಅಧಿಕಾರ ಸರ್ಕಾರಕ್ಕೆ ಎಲ್ಲಿಂದ ಬಂತು? ಈ ಪ್ರಶ್ನೆಗೆ ಸಾಮಾನ್ಯವಾಗಿ ಮೂರು ಉತ್ತರ ಸಿಗುತ್ತವೆ. ಮಾಡಿದ್ದನ್ನು ಉಣ್ಣಬೇಕು ಎಂಬುದು ಒಂದು. ಅವನನ್ನು ನೋಡಿ ಉಳಿದವರು ಹೆದರಬೇಕು ಎಂಬುದು ಇನ್ನೊಂದು. ಒಳಗಿದ್ದು ತಿದ್ದಿಕೊಂಡು ಬರಲಿ ಎಂಬುದು ಮತ್ತೊಂದು. ಇವುಗಳಲ್ಲಿ ಯಾವುದು ಸರಿ ಎಂದು ಚಿಂತಕರು ಶತಮಾನಗಳಿಂದ ವಾದಿಸುತ್ತ ಬಂದಿದ್ದಾರೆ. ಆದರೆ ಒಳಗಿರುವವನು ತಪ್ಪು ಮಾಡಿದ್ದಾನೆ, ಅದು ಸಾಬೀತಾಗಿದೆ ಎಂಬ ನಂಬಿಕೆಯ ಮೇಲೆಯೇ ಮೂರೂ ವಾದಗಳು ನಿಂತಿವೆ. ನಿರಪರಾಧಿಯನ್ನು ದಂಡಿಸಿಯೂ ಊರನ್ನು ಹೆದರಿಸಬಹುದು, ನಿಜ. ಅದನ್ನು ನ್ಯಾಯ ಎಂದು ಯಾರೂ ಒಪ್ಪಲಾರರು.

ನಮ್ಮ ಜೈಲುಗಳಲ್ಲಿ ಇರುವವರು ಯಾರು? ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೊ ಲೆಕ್ಕದಂತೆ 2022ರ ಕೊನೆಗೆ ದೇಶದ ಕಾರಾಗೃಹಗಳಲ್ಲಿ 5,73,220 ಜನರಿದ್ದರು. ಅವರಲ್ಲಿ 4,34,302 ಜನ, ಅಂದರೆ ನಾಲ್ಕರಲ್ಲಿ ಮೂವರು, ವಿಚಾರಣಾಧೀನ ಕೈದಿಗಳು. ಎಲ್ಲ ಜೈಲುಗಳಲ್ಲಿ ಸೇರಿ ಇದ್ದ ಜಾಗ 4,36,266 ಜನರಿಗೆ. ಈ ಎರಡು ಸಂಖ್ಯೆಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕು. ಅಪರಾಧ ಸಾಬೀತಾಗದವರಿಂದಲೇ ದೇಶದ ಜೈಲುಗಳು ಬಹುತೇಕ ಭರ್ತಿಯಾಗಿದ್ದವು. ಶಿಕ್ಷೆಯಾದ 1,33,415 ಜನರನ್ನು ಅದರ ಮೇಲೆ ತುರುಕಲಾಗಿತ್ತು. ಹೊಸ ಜೈಲು ಕಟ್ಟಿದರೆ ದಟ್ಟಣೆ ತೀರುತ್ತದೆ ಎನ್ನುವವರು ಗಮನಿಸಬೇಕಾದ ಮಾತು ಇದು. ಕಡಿಮೆ ಇರುವುದು ಕಟ್ಟಡವಲ್ಲ. ಇವರೆಲ್ಲ ಒಳಗೆ ಏಕಿದ್ದಾರೆ ಎಂಬುದಕ್ಕೆ ಕಾರಣ.

ವಿಚಾರಣೆಗೆ ಮೊದಲು ಒಬ್ಬನನ್ನು ಹಿಡಿದಿಡಲು ಕಾನೂನು ಒಪ್ಪುವ ಕಾರಣಗಳು ಕೆಲವೇ. ಅವನು ತಲೆಮರೆಸಿಕೊಳ್ಳಬಾರದು, ಸಾಕ್ಷಿಗಳನ್ನು ಬೆದರಿಸಬಾರದು, ಮತ್ತೆ ಅಪರಾಧ ಮಾಡಬಾರದು. ಇವು ಎಚ್ಚರಿಕೆಯ ಕ್ರಮಗಳು, ಶಿಕ್ಷೆಗಳಲ್ಲ. ಹಾಗಿದ್ದರೆ ಯಾರು ಒಳಗಿರಬೇಕು ಎಂಬುದು ಯಾರಿಂದ ಅಪಾಯವಿದೆ ಎಂಬುದರ ಮೇಲೆ ನಿರ್ಧಾರವಾಗಬೇಕಿತ್ತು. ವಾಸ್ತವದಲ್ಲಿ ಅದು ಬಹುಮಟ್ಟಿಗೆ ಯಾರ ಬಳಿ ಏನಿದೆ ಎಂಬುದರ ಮೇಲೆ ನಿಂತಿದೆ.

ಯಾದಗಿರಿ, ರಾಯಚೂರು ಕಡೆಯಿಂದ ಕಟ್ಟಡ ಕೆಲಸಕ್ಕೆ ಬೆಂಗಳೂರಿಗೆ ಬಂದು, ಸಣ್ಣ ಕಳವಿನ ಕೇಸಿನಲ್ಲಿ ಪರಪ್ಪನ ಅಗ್ರಹಾರ ಸೇರಿದ ಒಬ್ಬ ಕೂಲಿಯ ಸ್ಥಿತಿಯನ್ನು ಯೋಚಿಸಿ. ನ್ಯಾಯಾಧೀಶರು ಜಾಮೀನು ಮಂಜೂರು ಮಾಡುತ್ತಾರೆ. ಆದರೆ ಆದೇಶದ ಕೊನೆಯ ಸಾಲಿನಲ್ಲಿ ಇಷ್ಟು ಮೊತ್ತದ ಬಾಂಡ್ ಮತ್ತು ಅಷ್ಟೇ ಮೊತ್ತಕ್ಕೆ ಒಬ್ಬ ಜಾಮೀನುದಾರ ಎಂದು ಇರುತ್ತದೆ. ಜಾಮೀನುದಾರ ತನ್ನ ಪಹಣಿ ತರಬೇಕು, ಆಧಾರ್ ಕಾರ್ಡು ತೋರಿಸಬೇಕು, ಕೂಲಿ ಬಿಟ್ಟು ಕೋರ್ಟಿಗೆ ಬರಬೇಕು. ಊರಿನ ಎರಡೆಕರೆ ಜಮೀನು ಇನ್ನೂ ಸತ್ತುಹೋದ ಅಜ್ಜನ ಹೆಸರಲ್ಲೇ ಇದೆ, ಪೌತಿ ಖಾತೆ ಆಗಿಲ್ಲ. ಮೇಸ್ತ್ರಿ ಫೋನ್ ಎತ್ತುವುದಿಲ್ಲ. ಹೆಂಡತಿ ಕಂಕುಳಲ್ಲಿ ಮಗುವನ್ನು ಇಟ್ಟುಕೊಂಡು ವಕೀಲರ ಕೋಣೆಯಿಂದ ಕೋಣೆಗೆ ಅಲೆಯುತ್ತಾಳೆ. ದುಡ್ಡು ಕೊಟ್ಟರೆ ಜಾಮೀನುದಾರನನ್ನು ಕೊಡಿಸುತ್ತೇವೆ ಎನ್ನುವ ದಲ್ಲಾಳಿಗಳು ಸಿಗುತ್ತಾರೆ, ದುಡ್ಡು ಇರುವುದಿಲ್ಲ. ಜಾಮೀನು ಸಿಕ್ಕಿದ ಮನುಷ್ಯ ಜೈಲಿನಲ್ಲೇ ಉಳಿಯುತ್ತಾನೆ. ಅವನು ಓಡಿಹೋಗುತ್ತಾನೆ ಎಂದು ಯಾರೂ ಹೇಳಿಲ್ಲ. ಅವನ ಪರವಾಗಿ ನಿಲ್ಲಲು ಪಹಣಿ ಇರುವವರು ಯಾರೂ ಇಲ್ಲ, ಅಷ್ಟೇ.

ಇದು ಇಂದಿನ ಕಥೆಯಲ್ಲ. 1978ರಲ್ಲಿ ಮಧ್ಯಪ್ರದೇಶದ ಮೋತಿ ರಾಮ್ ಎಂಬ ಗಾರೆ ಕೆಲಸಗಾರನಿಗೆ ಸುಪ್ರೀಂ ಕೋರ್ಟೇ ಜಾಮೀನು ಕೊಟ್ಟಿತ್ತು. ಕೆಳ ನ್ಯಾಯಾಲಯ ಹತ್ತು ಸಾವಿರ ರೂಪಾಯಿಯ ಭದ್ರತೆ ಕೇಳಿತು. ಸಹೋದರ ಜಾಮೀನು ನಿಲ್ಲುತ್ತೇನೆ ಎಂದಾಗ, ಅವನೂ ಅವನ ಆಸ್ತಿಯೂ ಬೇರೆ ಜಿಲ್ಲೆಯಲ್ಲಿವೆ ಎಂದು ನಿರಾಕರಿಸಿತು. ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಇದನ್ನು ಖಂಡಿಸಿ, ಸಾವಿರ ರೂಪಾಯಿಯ ಸ್ವಂತ ಬಾಂಡ್ ಮೇಲೆ ಅವನನ್ನು ಬಿಡಲು ಹೇಳಿದರು. ಮರುವರ್ಷ ಬಿಹಾರದ ಜೈಲುಗಳ ಬಗ್ಗೆ ಪತ್ರಿಕೆಯಲ್ಲಿ ಬಂದ ಬರಹಗಳು ಹುಸೇನಾರಾ ಖಾತೂನ್ ಪ್ರಕರಣಕ್ಕೆ ದಾರಿಯಾದವು. ತಮ್ಮ ಮೇಲಿನ ಆರೋಪಕ್ಕೆ ಇರುವ ಗರಿಷ್ಠ ಶಿಕ್ಷೆಗಿಂತ ಹೆಚ್ಚು ಕಾಲ ವಿಚಾರಣೆಯಿಲ್ಲದೆ ಕೊಳೆತವರು ಅಲ್ಲಿದ್ದರು. ತ್ವರಿತ ವಿಚಾರಣೆ ಸಂವಿಧಾನದ 21ನೇ ವಿಧಿಯೊಳಗೆ ಸೇರಿದ ಹಕ್ಕು ಎಂದು ಕೋರ್ಟು ಅಂದೇ ಸಾರಿತು. ಆದರೂ ಜಾಮೀನು ಸಿಕ್ಕಿ ಒಂದು ತಿಂಗಳಾದರೂ ಬಾಂಡ್ ಕೊಡಲಾಗದವರ ಷರತ್ತನ್ನು ಸಡಿಲಿಸುವ ಬಗ್ಗೆ ನ್ಯಾಯಾಲಯಗಳು ತಾವಾಗಿಯೇ ಯೋಚಿಸಲಿ, ಸ್ಥಳೀಯ ಜಾಮೀನುದಾರನೇ ಬೇಕೆಂದು ಪಟ್ಟುಹಿಡಿಯಬಾರದು ಎಂದು 2023ರಲ್ಲಿ ಸುಪ್ರೀಂ ಕೋರ್ಟು ಮತ್ತೆ ಸೂಚಿಸಬೇಕಾಯಿತು. ಮೋತಿ ರಾಮನಿಗೆ ಹೇಳಿದ್ದನ್ನೇ 45 ವರ್ಷಗಳ ಮೇಲೆ ಪುನಃ ಹೇಳಬೇಕಾದರೆ, ತತ್ವವನ್ನು ಒಪ್ಪುವುದಕ್ಕೂ ಅದನ್ನು ತಾಲ್ಲೂಕು ಕೋರ್ಟಿನವರೆಗೆ ಮುಟ್ಟಿಸುವುದಕ್ಕೂ ನಡುವೆ ಎಷ್ಟು ಅಂತರವಿದೆ ಎಂಬುದು ತಿಳಿಯುತ್ತದೆ.

ಒಳಗೆ ಕಾಯುವ ಕಾಲ ಖಾಲಿ ಕಾಲವಲ್ಲ. 2022ರ ಕೊನೆಗೆ ನೂರು ಜನರ ಜಾಗದಲ್ಲಿ ಸರಾಸರಿ 131 ಜನ ಇದ್ದರು ಎಂದರೆ, ತುಂಬಿದ ಬ್ಯಾರಕ್‌ಗಳಲ್ಲಿ ಮಲಗಲು ಮಗ್ಗುಲು ಬದಲಿಸುವಷ್ಟು ಜಾಗವೂ ಸಿಗದು. ಶೌಚಕ್ಕೆ ಸಾಲು, ಕಜ್ಜಿ, ಕ್ಷಯ. ಬೆಂಗಾವಲಿಗೆ ಪೊಲೀಸರಿಲ್ಲ ಎಂದು ತಪ್ಪಿಹೋಗುವ ಆಸ್ಪತ್ರೆ, ಕೋರ್ಟು. ಶಿಕ್ಷೆ ಎಂದರೆ ಸ್ವಾತಂತ್ರ್ಯವನ್ನು ಕಳೆದುಕೊಳ್ಳುವುದು ಮಾತ್ರ. ಉಳಿದ ಹಕ್ಕುಗಳು ಜೈಲಿನ ಬಾಗಿಲಲ್ಲಿ ಬಿದ್ದುಹೋಗುವುದಿಲ್ಲ ಎಂಬುದು ಸುಪ್ರೀಂ ಕೋರ್ಟಿನ ಸುನಿಲ್ ಬಾತ್ರಾ ಪ್ರಕರಣಗಳಲ್ಲಿ ನೆಲೆಗೊಂಡ ನಿಲುವು. ಆದರೂ 2024ರ ಅಕ್ಟೋಬರ್‌ವರೆಗೆ ಹಲವು ರಾಜ್ಯಗಳ ಜೈಲು ಕೈಪಿಡಿಗಳಲ್ಲಿ ಅಡುಗೆ ಇಂಥ ಜಾತಿಯವರಿಗೆ, ಕಸ ಗುಡಿಸಿ ಪಾಯಿಖಾನೆ ತೊಳೆಯುವುದು ಇಂಥವರಿಗೆ ಎಂಬ ನಿಯಮಗಳಿದ್ದವು. ಸುಕನ್ಯಾ ಶಾಂತಾ ಎಂಬ ಪತ್ರಕರ್ತೆ ಹೂಡಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಅವನ್ನು ಅಸಾಂವಿಧಾನಿಕ ಎಂದು ತೆಗೆದುಹಾಕಿತು. ಹೊರಗೆ ಕಾನೂನು ನಿಷೇಧಿಸಿದ್ದನ್ನು ಸರ್ಕಾರವೇ ಗೋಡೆಯೊಳಗೆ ಬರವಣಿಗೆಯಲ್ಲಿ ಕಾಪಾಡಿಕೊಂಡು ಬಂದಿತ್ತು. ಮತದಾನದ ವಿಷಯವನ್ನೂ ನೋಡಿ. ಪ್ರಜಾಪ್ರತಿನಿಧಿ ಕಾಯ್ದೆಯ 62(5)ನೇ ಸೆಕ್ಷನ್ ಪ್ರಕಾರ ಜೈಲಿನಲ್ಲಿರುವವರಿಗೆ ಮತದಾನವಿಲ್ಲ, ವಿಚಾರಣಾಧೀನರಿಗೂ ಇಲ್ಲ. ಒಂದೇ ಆರೋಪ ಹೊತ್ತ ಇಬ್ಬರಲ್ಲಿ ಜಾಮೀನುದಾರ ಸಿಕ್ಕವನು ಮತ ಹಾಕುತ್ತಾನೆ, ಸಿಗದವನು ಹಾಕುವಂತಿಲ್ಲ. ಪೌರತ್ವದ ಮೂಲಭೂತ ಕ್ರಿಯೆಯೊಂದು ಇಲ್ಲಿ ಆಸ್ತಿಯ ಮೇಲೆ ನಿಂತಿದೆ.

ವಿಚಾರಣಾಧೀನರನ್ನು ಬಿಡಬೇಕೆಂಬ ವಾದಕ್ಕೆ ಬರುವ ಆಕ್ಷೇಪವನ್ನು ಹಗುರಾಗಿ ಕಾಣಲಾಗದು. ಅತ್ಯಾಚಾರದ ಆರೋಪಿ ಸಂತ್ರಸ್ತೆಯ ಮನೆ ಮುಂದೆ ಓಡಾಡಿಕೊಂಡಿರಬೇಕೆ? ಕೊಲೆ ಕಂಡ ಸಾಕ್ಷಿ ಊರಲ್ಲಿ ಹೆದರಿ ಬದುಕಬೇಕೆ? ಖಂಡಿತ ಬೇಡ. ಬೆದರಿಕೆಯ ಆಧಾರವಿದ್ದರೆ ಕಾರಣ ಬರೆದು ಜಾಮೀನು ನಿರಾಕರಿಸುವ ಅಧಿಕಾರ ನ್ಯಾಯಾಲಯಕ್ಕಿದೆ, ಇರಲೂಬೇಕು. ಆದರೆ ಆಸ್ತಿ ಕೇಳುವ ಪದ್ಧತಿ ನೊಂದವರನ್ನೂ ಕಾಯುವುದಿಲ್ಲ. ಹಣವಿರುವ ಅಪಾಯಕಾರಿ ಸಂಜೆಯೊಳಗೆ ಹೊರಗೆ ಬರುತ್ತಾನೆ, ಹಣವಿಲ್ಲದ ನಿರುಪದ್ರವಿ ಒಳಗೆ ಉಳಿಯುತ್ತಾನೆ. ವಿಚಾರಣೆ ವರ್ಷಗಟ್ಟಲೆ ಎಳೆದರೆ ಸಾಕ್ಷಿಯ ನೆನಪು ಮಸುಕಾಗುತ್ತದೆ, ಧೈರ್ಯ ಕುಗ್ಗುತ್ತದೆ, ಕೇಸು ಬಿದ್ದುಹೋಗುತ್ತದೆ. ಆರೋಪಿಯ ದೀರ್ಘ ಸೆರೆವಾಸ ತನಗೆ ಸಿಕ್ಕ ನ್ಯಾಯ ಎಂದು ನೊಂದವಳಿಗೆ ಅನಿಸಬಹುದು. ಅವಳಿಗೆ ಸಲ್ಲಬೇಕಾದದ್ದು ತೀರ್ಪು. ನಮ್ಮ ವ್ಯವಸ್ಥೆ ಅದರ ಬದಲಿಗೆ ಸೆರೆವಾಸವನ್ನು ಕೊಟ್ಟು ಕೈತೊಳೆದುಕೊಳ್ಳುತ್ತಿದೆ.

ಕೊನೆಗೆ ಖುಲಾಸೆಯಾದವನ ಪ್ರಶ್ನೆ ಉಳಿಯುತ್ತದೆ. ಶಿಕ್ಷೆಯಾದರೆ ಒಳಗಿದ್ದ ದಿನಗಳನ್ನು ಶಿಕ್ಷೆಯಲ್ಲಿ ಕಳೆಯುತ್ತಾರೆ. ತಪ್ಪಿಲ್ಲ ಎಂದಾದರೆ ಆ ದಿನಗಳನ್ನು ಯಾವುದರಲ್ಲಿ ಕಳೆಯುವುದು? ಸುಳ್ಳು ಮೊಕದ್ದಮೆಗೆ ಸಿಲುಕಿದವರಿಗೆ ಪರಿಹಾರ ನೀಡುವ ಕಾನೂನು ಬೇಕೆಂದು ಕಾನೂನು ಆಯೋಗ 2018ರ ತನ್ನ 277ನೇ ವರದಿಯಲ್ಲಿ ಶಿಫಾರಸು ಮಾಡಿತು. ಅಂಥ ಸಮಗ್ರ ಕಾನೂನು ಇನ್ನೂ ಬಂದಿಲ್ಲ. ಒಬ್ಬನ ವರ್ಷಗಳನ್ನು ಎಚ್ಚರಿಕೆಯ ಹೆಸರಿನಲ್ಲಿ ತೆಗೆದುಕೊಂಡ ಸರ್ಕಾರ, ಎಚ್ಚರಿಕೆ ಅನಗತ್ಯವಾಗಿತ್ತು ಎಂದು ಗೊತ್ತಾದಾಗ ಲೆಕ್ಕ ಕೊಡಬೇಕು. ಸಾರ್ವಜನಿಕ ಕೆಲಸಕ್ಕೆಂದು ಭೂಮಿ ತೆಗೆದುಕೊಂಡರೆ ಪರಿಹಾರ ಕೊಡುವ ನಾವು ಆಯಸ್ಸು ತೆಗೆದುಕೊಂಡಾಗ ಸುಮ್ಮನಿರುವುದಕ್ಕೆ ಯಾವ ಸಮರ್ಥನೆಯೂ ಇಲ್ಲ.

ದಾರಿಗಳು ಕಾನೂನಿನಲ್ಲೇ ಇವೆ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಸೆಕ್ಷನ್ ಪ್ರಕಾರ, ಹಿಂದೆ ಯಾವ ಅಪರಾಧದಲ್ಲೂ ದೋಷಿಯೆಂದು ಸಾಬೀತಾಗದವರು ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗವನ್ನು ಒಳಗೆ ಕಳೆದರೆ ಬಾಂಡ್ ಮೇಲೆ ಬಿಡಬೇಕು. ಮರಣದಂಡನೆ, ಜೀವಾವಧಿಯ ಆರೋಪಗಳಿಗೆ ಮತ್ತು ಹಲವು ಕೇಸುಗಳಿರುವವರಿಗೆ ಇದು ಅನ್ವಯಿಸದು. ಅರ್ಜಿ ಹಾಕುವ ಹೊಣೆ ಜೈಲು ಅಧೀಕ್ಷಕರದು. ಬಡ ಕೈದಿಗಳ ಜಾಮೀನಿಗೆ ನೆರವಾಗಲು 2023ರಲ್ಲಿ ಕೇಂದ್ರ ಸರ್ಕಾರ ಯೋಜನೆಯನ್ನೂ ತಂದಿದೆ. ಇವೆಲ್ಲ ಕೆಲಸ ಮಾಡಬೇಕಾದರೆ ರುಜುವಾತಿನ ಭಾರ ತಿರುಗಬೇಕು. ಬಿಡುಗಡೆ ಏಕೆ ಬೇಕೆಂದು ಕೈದಿ ಹೇಳುವಂತಾಗಬಾರದು. ಇವನನ್ನು ಇನ್ನೊಂದು ತಿಂಗಳು ಏಕೆ ಇಟ್ಟುಕೊಳ್ಳಬೇಕೆಂದು ಸರ್ಕಾರ ಪ್ರತಿ ತಿಂಗಳೂ ಹೇಳಬೇಕು. ಕಾರಾಗೃಹ ಸಂವಿಧಾನದ ರಾಜ್ಯಪಟ್ಟಿಯ ವಿಷಯ. ಜಾಮೀನು ಸಿಕ್ಕಿಯೂ ಒಳಗೇ ಉಳಿದವರೆಷ್ಟು, ಏಕೆ ಉಳಿದರು ಎಂಬ ಪಟ್ಟಿಯನ್ನು ಜೈಲುವಾರು ಪ್ರಕಟಿಸಲು ಕರ್ನಾಟಕ ಸರ್ಕಾರ ದೆಹಲಿಯತ್ತ ನೋಡಬೇಕಿಲ್ಲ. ಆ ಪಟ್ಟಿಯನ್ನು ಕೇಳುವ ಹಕ್ಕು ನಮಗಿದೆ. ನಮ್ಮ ಹೆಸರಿನಲ್ಲಿ ಬೀಗ ಹಾಕಿರುವುದರಿಂದ ಕೇಳುವುದು ನಮ್ಮ ಕರ್ತವ್ಯವೂ ಹೌದು.