ಒಪ್ಪಿಸಿದ ಗಂಟು ಯಾರ ಸ್ವತ್ತು?

ಊರು ಬಿಟ್ಟು ದೂರ ಹೊರಟವನು ಒಡವೆ-ವಸ್ತುಗಳನ್ನು ಗಂಟು ಕಟ್ಟಿ ನಂಬಿಕೆಯ ನೆರೆಯವನ ಕೈಗೆ ಕೊಟ್ಟು ಹೋಗುವುದು ನಮ್ಮಲ್ಲಿ ಹಳೆಯ ರೂಢಿ. ಒಳಗೆ ಏನಿದೆಯೆಂದು ಕೊಟ್ಟವನು ಹೇಳುವುದಿಲ್ಲ, ಇಸಿದುಕೊಂಡವನು ಕೇಳುವುದಿಲ್ಲ. ಧರ್ಮಶಾಸ್ತ್ರಕಾರರು ಇದಕ್ಕೆ ‘ಉಪನಿಧಿ’ ಎಂದು ಹೆಸರಿಟ್ಟರು. ಯಾಜ್ಞವಲ್ಕ್ಯಸ್ಮೃತಿಯಲ್ಲಿ ಇದರದೇ ಒಂದು ಪ್ರಕರಣವಿದೆ. ಆ ಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನ ಬರೆದ ವಿಜ್ಞಾನೇಶ್ವರ ನಮ್ಮ ಕಲ್ಯಾಣದಲ್ಲಿ, ಚಾಲುಕ್ಯ ಆರನೆಯ ವಿಕ್ರಮಾದಿತ್ಯನ (1076–1126) ಕಾಲದಲ್ಲಿ ಇದ್ದವನು. ಅಲ್ಲಿನ ನಿಯಮ ಸರಳವಾದದ್ದು. ಗಂಟನ್ನು ಇದ್ದ ಹಾಗೆಯೇ ಹಿಂದಿರುಗಿಸಬೇಕು. ಅರಸನಿಂದಲೋ ದೈವದಿಂದಲೋ ಕಳ್ಳರಿಂದಲೋ ಅದು ಹೋದರೆ ಇಟ್ಟುಕೊಂಡವನು ಹೊಣೆಗಾರನಲ್ಲ. ಆದರೆ ಕೊಟ್ಟವನ ಅಪ್ಪಣೆಯಿಲ್ಲದೆ ಅದರಿಂದ ತಾನು ಜೀವನ ಸಾಗಿಸಿದರೆ ದಂಡ ತೆರಬೇಕು, ಗಂಟನ್ನು ಲಾಭಸಹಿತ ಒಪ್ಪಿಸಬೇಕು.

ಈ ಹಳೆಯ ಕಡತವನ್ನು ಈಗ ಬಿಚ್ಚುವುದಕ್ಕೆ ಕಾರಣವಿದೆ. ಪರಸ್ಥಳದಲ್ಲಿ ನೆಲಸಿದ ನಮ್ಮಂಥ ಕುಟುಂಬಗಳು ಕಳೆದ ಇಪ್ಪತ್ತು ವರ್ಷಗಳಲ್ಲಿ ಮಕ್ಕಳ ಫೋಟೋ, ಮದುವೆ-ಮುಂಜಿಯ ಸುದ್ದಿ, ದಾಯಾದಿಗಳ ಹರಟೆ, ಜಗಳ ಎಲ್ಲವನ್ನೂ ಸಾಮಾಜಿಕ ಜಾಲತಾಣಗಳೆಂಬ ಹೊಸ ನೆರೆಯವರಿಗೆ ಒಪ್ಪಿಸಿಬಿಟ್ಟಿವೆ. ಆ ನೆರೆಯವರೋ ಒಬ್ಬೊಬ್ಬರಾಗಿ ಮನೆ ಖಾಲಿ ಮಾಡುತ್ತಿದ್ದಾರೆ. ಸಾಮಾನ್ಯ ಜನರ ಲಕ್ಷಾಂತರ ಪುಟಗಳಿದ್ದ ‘ಜಿಯೋಸಿಟೀಸ್’ ಅನ್ನು 1999ರಲ್ಲಿ ಯಾಹೂ ಕೊಂಡಿತು, 2009ರಲ್ಲಿ ಮುಚ್ಚಿತು. ಒಂದು ಕಾಲಕ್ಕೆ ಬ್ರೆಜಿಲಿನವರೂ ಭಾರತದವರೂ ಮುಗಿಬಿದ್ದು ಸೇರಿದ್ದ ‘ಆರ್ಕುಟ್’ 2004ರಲ್ಲಿ ಹುಟ್ಟಿ 2014ರ ಸೆಪ್ಟೆಂಬರ್ 30ರಂದು ನಿಂತಿತು. ಗೂಗಲ್ ಮೂರು ತಿಂಗಳು ಮುಂಚಿತವಾಗಿ ತಿಳಿಸಿತು, ತಂತಮ್ಮದನ್ನು ಒಯ್ಯಲು 2016ರವರೆಗೆ ಅವಕಾಶ ಕೊಟ್ಟಿತು; ಅಷ್ಟರಮಟ್ಟಿಗೆ ಅದು ಮರ್ಯಾದಸ್ಥರ ನಡೆ. ‘ಮೈಸ್ಪೇಸ್’ ಹಾಗಲ್ಲ. ಹನ್ನೆರಡು ವರ್ಷ ಜನ ಏರಿಸಿದ ಹಾಡುಗಳು ಯಂತ್ರ ಬದಲಿಸುವಾಗ ಅಳಿಸಿಹೋದವೆಂಬುದು 2019ರಲ್ಲಿ ಬಯಲಾಯಿತು.

‘ಕೂ’ ಎಂಬುದರ ಕಥೆ ನಮಗೆ ಇನ್ನೂ ಹತ್ತಿರದ್ದು. 2020ರಲ್ಲಿ ಬೆಂಗಳೂರಿನಲ್ಲಿ ಅಪ್ರಮೇಯ ರಾಧಾಕೃಷ್ಣ, ಮಯಾಂಕ್ ಬಿದಾವತ್ಕಾ ಇಬ್ಬರೂ ಸೇರಿ ಕಟ್ಟಿದ ಈ ಹಳದಿ ಹಕ್ಕಿ ಮೊಟ್ಟಮೊದಲು ಕೂಗಿದ್ದು ಕನ್ನಡದಲ್ಲಿ. ಹಿಂದಿ, ತಮಿಳು, ತೆಲುಗುಗಳು ಆಮೇಲೆ ಬಂದವು. ಇಂಥ ಉದ್ಯಮಗಳಲ್ಲಿ ಕನ್ನಡಕ್ಕೆ ಮೊದಲ ಎಲೆ ಹಾಕಿದ್ದು ಎಷ್ಟು ಸಲ ಕಂಡಿದ್ದೇವೆ? ಅದೇ ವರ್ಷ ಕೇಂದ್ರ ಸರಕಾರದ ಆತ್ಮನಿರ್ಭರ ಆ್ಯಪ್ ಸ್ಪರ್ಧೆಯಲ್ಲಿ ಬಹುಮಾನ ಬಂತು. 2022ರಲ್ಲಿ ಹಕ್ಕಿ ಬ್ರೆಜಿಲಿಗೂ ಹಾರಿತು. ಆಮೇಲೆ ಬಂಡವಾಳ ಬತ್ತಿತು. ದೊಡ್ಡ ಸಂಸ್ಥೆಗಳೊಡನೆ ನಡೆದ ಮಾತುಕತೆ ಫಲಿಸದೆ 2024ರ ಜುಲೈಯಲ್ಲಿ ಬಾಗಿಲು ಹಾಕಿತು.

ಸೋತದ್ದು ಅಧರ್ಮವೆಂದು ನಾನು ಹೇಳುತ್ತಿಲ್ಲ. ಅಂಗಡಿ ಇಟ್ಟವನಿಗೆ ನಷ್ಟವಾಗುವುದುಂಟು. ಆದರೆ ಆ ನಷ್ಟವನ್ನು ಸ್ಮೃತಿ ಹೇಳುವ ‘ದೈವ’ದ ಖಾತೆಗೆ ಬರೆಯಬಹುದೆ? ಈ ಉದ್ಯಮಕ್ಕೆ ಹಣ ಹೂಡುವವರ ಲೆಕ್ಕಾಚಾರವೇ ಬೇರೆ. ಹತ್ತರಲ್ಲಿ ಬಹಳಷ್ಟು ಮುಳುಗುತ್ತವೆ, ಒಂದು ಗೆದ್ದರೆ ಎಲ್ಲದರ ನಷ್ಟವೂ ತುಂಬುತ್ತದೆ ಎಂದುಕೊಂಡೇ ಅವರು ಕೈ ಹಾಕುತ್ತಾರೆ. ಜನ ಸೇರಲಿ, ಗಳಿಕೆಯ ಮಾತು ಆಮೇಲೆ ಎಂಬುದು ಅವರ ಸೂತ್ರ. ಅಂದಮೇಲೆ ಮುಳುಗುವ ಸಂಭವ ಮೊದಲ ದಿನವೇ ಅವರಿಗೆ ಗೊತ್ತು. ಗೊತ್ತಿಲ್ಲದವರು ಗಂಟು ತಂದು ಕೊಟ್ಟವರು ಮಾತ್ರ. ಹೊಳೆಯ ಅಂಚಿಗೆ ಮನೆ ಕಟ್ಟಿ, ಪರರ ಒಡವೆಯನ್ನು ಕೆಳಕೋಣೆಯಲ್ಲಿಟ್ಟವನು ನೆರೆ ಬಂದಾಗ ದೈವವನ್ನು ದೂರಿದರೆ ಪಂಚಾಯಿತಿ ಒಪ್ಪೀತೆ?

ಬಿಟ್ಟಿ ಕೊಟ್ಟ ಸೇವೆಗೆ ಇಷ್ಟೊಂದು ಷರತ್ತೆ ಎಂದು ಕೆಲವರು ಕೇಳುತ್ತಾರೆ. ಬಿಟ್ಟಿ ಎಂಬ ಮಾತನ್ನೇ ಕೊಂಚ ಅಲುಗಿಸಿ ನೋಡಬೇಕು. 2014ರಲ್ಲಿ ಫೇಸ್‌ಬುಕ್ ವಾಟ್ಸ್ಆ್ಯಪ್‌ಗೆ ಗೊತ್ತುಮಾಡಿದ ಬೆಲೆ 1,900 ಕೋಟಿ ಡಾಲರ್. ಅಲ್ಲಿದ್ದ ನೌಕರರು ನೂರು ಮಂದಿಯೂ ಇಲ್ಲ. ಬಳಸುವವರು ಮಾತ್ರ 45 ಕೋಟಿ. ಬೆಲೆ ಕಟ್ಟಿದ್ದು ಮುಖ್ಯವಾಗಿ ಆ ಜನಸಂದಣಿಗೆ. ಫೇಸ್‌ಬುಕ್ಕಿನ ವರಮಾನ ಹೆಚ್ಚುಕಡಿಮೆ ಎಲ್ಲವೂ ಜಾಹೀರಾತಿನದು. ಯಾರಿಗೆ ಏನು ಇಷ್ಟ, ಯಾರು ಯಾರ ಸ್ನೇಹಿತರು ಎಂದು ನಾವು ಒಪ್ಪಿಸಿದ ಗಂಟಿನಿಂದಲೇ ಆ ಜಾಹೀರಾತಿಗೆ ದಾರಿ ತಿಳಿಯುವುದು. ನೀವೇ ‘ಒಪ್ಪಿದೆ’ ಎಂದು ಒತ್ತಿದ್ದೀರಲ್ಲ ಎನ್ನಬಹುದು. ಮೂವತ್ತು ಪುಟದ ಕರಾರನ್ನು ಮುಂದಿಟ್ಟು, ಒಪ್ಪದಿದ್ದರೆ ಬಂಧುಗಳ ಪಂಕ್ತಿಯಲ್ಲಿ ಜಾಗವಿಲ್ಲ ಎನ್ನುವುದನ್ನು ಅಪ್ಪಣೆ ಪಡೆಯುವುದು ಎನ್ನಲು ನನಗೆ ನಾಲಗೆ ಏಳುವುದಿಲ್ಲ.

ಆದರೂ ಗಂಟಿನ ಹೋಲಿಕೆ ಒಂದು ಕಡೆ ಕುಂಟುತ್ತದೆ. ಒಡವೆ ಒಬ್ಬನದು, ಮಾತು ಒಬ್ಬನದಲ್ಲ. ನೂರು ಮಂದಿ ಸೇರಿ ನಡೆಸಿದ ಒಂದು ಚರ್ಚೆಯಲ್ಲಿ ನನ್ನ ನಾಲ್ಕು ಸಾಲನ್ನು ಕತ್ತರಿಸಿ ಕೈಗಿತ್ತರೆ ಅದು ಹಿಂದಿರುಗಿಸಿದಂತಾಯಿತೆ? ಎಲ್ಲರದನ್ನೂ ನನಗೆ ಕೊಟ್ಟರೆ ಉಳಿದವರ ಗುಟ್ಟು ಏನಾಗಬೇಕು? ಯುರೋಪಿನಲ್ಲಿ 2018ರಿಂದ, ತಮ್ಮದನ್ನು ಒಂದು ಕಂಪನಿಯಿಂದ ಇನ್ನೊಂದಕ್ಕೆ ಒಯ್ಯುವ ಹಕ್ಕು ಜನರಿಗಿದೆ. ನಮ್ಮ 2019ರ ಮಸೂದೆಯಲ್ಲೂ ಅದು ಇತ್ತು. 2023ರಲ್ಲಿ ಸಂಸತ್ತು ಅಂಗೀಕರಿಸಿದ ಕಾಯಿದೆಯಲ್ಲಿ ತಿದ್ದಿಸುವ, ಅಳಿಸಿಹಾಕಿಸುವ ಹಕ್ಕು ಬಂತು, ಒಯ್ಯುವ ಹಕ್ಕು ಬಿಟ್ಟುಹೋಯಿತು. ಪರಸ್ಥಳದಲ್ಲಿ ನಾಲ್ಕು ಮನೆ ಬದಲಿಸಿದವರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಗಂಟು ಕೊಟ್ಟವನು ತೀರಿಕೊಂಡರೆ? ಕೇಳುವ ಮೊದಲೇ ತಾನಾಗಿ ವಾರಸುದಾರರಿಗೆ ಒಪ್ಪಿಸಿದವನನ್ನು ಅರಸನಾಗಲಿ ಬಂಧುಗಳಾಗಲಿ ಪೀಡಿಸಕೂಡದು ಎನ್ನುತ್ತದೆ ಮನುಸ್ಮೃತಿ. ಫೇಸ್‌ಬುಕ್ 2015ರಲ್ಲಿ ಇಂಥದೊಂದು ಏರ್ಪಾಡು ಆರಂಭಿಸಿತು. ಬದುಕಿರುವಾಗಲೇ ಒಬ್ಬರನ್ನು ಹೆಸರಿಸಿದ್ದರೆ ಅವರು ಸತ್ತವರ ಪುಟವನ್ನು ನೋಡಿಕೊಳ್ಳಬಹುದು, ಖಾಸಗಿ ಸಂದೇಶಗಳನ್ನು ಮಾತ್ರ ಓದುವಂತಿಲ್ಲ. ಕಟ್ಟಿದ ಗಂಟನ್ನು ಬಿಚ್ಚಬಾರದೆಂಬ ನ್ಯಾಯದಿಂದ ಅದು ಸರಿಯೆಂದೇ ನನಗೆ ತೋರುತ್ತದೆ. ಅಮ್ಮ ತನ್ನ ತಂಗಿಗೆ ಬರೆದ ಕಡೆಯ ನಾಲ್ಕು ಮಾತು ಏನಿತ್ತೆಂದು ಕೇಳುವ ಮಗಳಿಗೆ ಏನು ಹೇಳಬೇಕೆಂಬುದು ಮಾತ್ರ ನನಗಿನ್ನೂ ತೋಚಿಲ್ಲ.